ಬಟ್ಟೆ ಒಗೆಯುವ ಮೋಟರು, ಆಷಾಢದ ಗಾಳಿ

ನಮ್ಮ ಮನೆಯ ವಾಷಿಂಗ್ ಮಿಶನ್ನು ಒಂದು ಶುಕ್ರವಾರ ಬೆಳಿಗ್ಗೆ ಎರಡು ಬೆಡ್‌ಶೀಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿಂತುಹೋಯಿತು. ಎರಡು ತೊಟ್ಟಿಯ ಹಳೇ ಮಾದರಿ ಅದು. ಒಂದು ಕಡೆ ಒಗೆಯುವುದು, ಇನ್ನೊಂದು ಕಡೆ ಹಿಂಡುವುದು. ರಿಪೇರಿಯವನು ಬಗ್ಗಿ ನೋಡಿದ. ತಳದ ತಗಡು ತುಕ್ಕು ಹಿಡಿದು ಅವನ ಕೈಗೇ ಉದುರಿತು. "ಮೇಡಂ, ಬಾಡಿ ಹೋಗಿದೆ. ಹಳೇ ಸಾಮಾನಿನವನಿಗೆ ಹಾಕ್ಬಿಡಿ" ಎಂದು ಕೈ ಒರೆಸಿಕೊಂಡು ಹೋದ. ನಮ್ಮತ್ತೆಗೆ ಒಳಗೊಳಗೇ ಸಂತೋಷ, ಅವರು ಮೊದಲಿನಿಂದಲೂ ಒಗೆಯುವ ಕಲ್ಲಿನ ಪಕ್ಷ. ನನಗೆ ಅವರಿಗಿಂತ ಹೆಚ್ಚು ಸಂತೋಷ. ಬಾಡಿ ಹೋದರೇನು, ಎರಡು ತೊಟ್ಟಿಗೆ ಎರಡು ಮೋಟರು, ಎರಡೂ ನನ್ನ ಪಾಲಿಗೆ ಬಂದಿದ್ದವು.

ಮದುವೆಗೆ ಮುಂಚೆ ಮತ್ತು ಆಮೇಲೂ ಸೇರಿ ಹನ್ನೊಂದು ವರ್ಷ ನಾನು ಬೆಂಗಳೂರಿನಲ್ಲೇ ಯಡಿಯೂರಿನ ಹತ್ತಿರ ಒಂದು ಅಂಗಡಿಯಲ್ಲಿ ಮೋಟರಿಗೆ ತಂತಿ ಸುತ್ತುತ್ತಿದ್ದೆ. ಸುಟ್ಟುಹೋದ ಮೋಟರು ಬರುತ್ತಿತ್ತು. ಕರಿಕಲಾದ ತಾಮ್ರದ ತಂತಿಯನ್ನು ಕಿತ್ತು, ಎಣಿಸಿ, ಅಷ್ಟೇ ಸುತ್ತು ಹೊಸ ತಂತಿಯನ್ನು ಸುತ್ತಿ ಕೂರಿಸಿದರೆ ಅದು ಮತ್ತೆ ಗುಂಯ್ ಎನ್ನುತ್ತಿತ್ತು. ಪಂಪು, ಗ್ರೈಂಡರು, ಟೇಬಲ್ ಫ್ಯಾನು, ಎಷ್ಟು ಸುತ್ತಿದೆನೋ ಲೆಕ್ಕವಿಲ್ಲ. ಎಲ್ಲವೂ ಕರೆಂಟು ತಿನ್ನುವಂಥವು. "ಇದೇ ಮೋಟರಿನ ಒಳಗೆ ಆಯಸ್ಕಾಂತ ಕೂರಿಸಿ ತಿರುಗಿಸಿದ್ರೆ ಇದೇ ಕರೆಂಟ್ ಕೊಡುತ್ತೆ ಕಣಮ್ಮ" ಎಂದು ನಮ್ಮ ಅಂಗಡಿಯ ಹಿರಿಯ ಮೇಸ್ತ್ರಿ ಒಮ್ಮೆ ಹೇಳಿದ್ದರು. ಅಂಗಡಿ ಮುಚ್ಚಿತು, ನಾನು ಮನೆಯಲ್ಲಿ ಉಳಿದೆ. ಆ ಮಾತು ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಕರೆಂಟು ಕೊಡುವುದನ್ನು ಒಂದಾದರೂ ಸುತ್ತಬೇಕು ಎಂಬ ಆಸೆ ಒಗ್ಗರಣೆ ಹಾಕುವಾಗಲೂ ತಲೆಯಲ್ಲಿ ಕೂತಿರುತ್ತಿತ್ತು.

ಇನ್ನೂ ಎರಡು ಸಾವಿರನೇ ಇಸವಿಯ ಆಸುಪಾಸಿನ ವರ್ಷಗಳು. ಚಿಕ್ಕಲಸಂದ್ರದಲ್ಲಿ ನಮ್ಮದು ಮೂವತ್ತು ನಲವತ್ತರ ಸೈಟಿನ ಒಂದೇ ಅಂತಸ್ತಿನ ಮನೆ. ಪಡುವಣಕ್ಕೆ ಇನ್ನೂ ಖಾಲಿ ಸೈಟುಗಳಿದ್ದವು. ಆಷಾಢ ಬಂತೆಂದರೆ ಉತ್ತರಹಳ್ಳಿ ಕಡೆಯಿಂದ ಬೀಸುವ ಗಾಳಿಗೆ ನಮ್ಮ ಮಹಡಿಯ ಮೇಲೆ ಕ್ಲಿಪ್ಪು ಹಾಕದ ಬಟ್ಟೆ ಒಂದೂ ನಿಲ್ಲುತ್ತಿರಲಿಲ್ಲ. ಸಂಜೆ ಆರಕ್ಕೆ ಕರೆಂಟು ಹೋಗುತ್ತಿತ್ತು, ಗಾಳಿ ಮಾತ್ರ ಬೀಸುತ್ತಲೇ ಇರುತ್ತಿತ್ತು. ಆ ಗಾಳಿಗೇ ಮೋಟರು ತಿರುಗಿಸಿ ಬಲ್ಬು ಹತ್ತಿಸುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಆದರೆ ನಮ್ಮವರು ಅಷ್ಟರಲ್ಲೇ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಡುವ ನಿರ್ಧಾರ ಮಾಡಿಬಿಟ್ಟಿದ್ದರು.

"ಶ್ರಾವಣ ಹುಟ್ಟಿದ ದಿನವೇ ಗಾರೆ ಮೇಸ್ತ್ರಿ ಬರ್ತಾರೆ" ಎಂದರು. "ಆಷಾಢದಲ್ಲಿ ಯಾರೂ ಕೆಲಸ ಹಿಡಿಯಲ್ಲ. ಮೇಲಿನ ಮೋಲ್ಡಿಂಗ್ ಆದ್ಮೇಲೆ ಪಿಲ್ಲರ್ ಕಂಬಿ ಎಲ್ಲಾ ಕತ್ತರಿಸಿ, ಟ್ಯಾಂಕ್ ಕೂರಿಸಿ, ಮೇಲಿನ ಬಾಗಿಲಿಗೆ ಬೀಗ ಹಾಕ್ಬಿಡೋಣ. ಬಾಡಿಗೆಯವರ ತಲೆ ಮೇಲೆ ನಿನ್ನ ಸರ್ಕಸ್ ಬೇಡ."

ಅಂದರೆ ನನಗಿದ್ದದ್ದು ಒಂದೇ ಆಷಾಢ. ಗಾಳಿಯೂ ಅದೇ ತಿಂಗಳು, ಖಾಲಿ ಮಹಡಿಯೂ ಅದೇ ತಿಂಗಳು. ತಿಂಗಳ ಕೊನೆಯ ದಿನ ಭೀಮನ ಅಮಾವಾಸ್ಯೆ. ಅವತ್ತಿನೊಳಗೆ ಬಲ್ಬು ಹತ್ತಬೇಕು, ಇಲ್ಲದಿದ್ದರೆ ಎರಡೂ ಮೋಟರು ಹಳೇ ಸಾಮಾನಿನವನಿಗೆ. ಹತ್ತಿದರೂ ಸರಿ, ಶ್ರಾವಣಕ್ಕೆ ಮಹಡಿ ಖಾಲಿ ಮಾಡಿಕೊಡುತ್ತೇನೆ. ಹೀಗೆಂದು ನಾನೇ ಮಾತು ಕೊಟ್ಟೆ.

ಅತ್ತೆ ಅಡ್ಡ ಬಂದರು. "ಆಷಾಢದಲ್ಲಿ ಹೊಸ ಕೆಲಸ ಶುರು ಮಾಡ್ತಾರೇನೇ? ಮದುವೆಯಾದ ವರ್ಷ ಆಷಾಢಕ್ಕೆ ನಿನ್ನ ತವರಿಗೆ ಕಳಿಸಿದ್ದೆ. ಈಗ್ಲೂ ಕಳಿಸ್ಬೇಕಿತ್ತು."

"ಮಿಶನ್ ಕೆಟ್ಟಿದ್ದು ಜ್ಯೇಷ್ಠದಲ್ಲಿ ಅತ್ತೆ. ಅವತ್ತೇ ಸ್ಕ್ರೂ ಬಿಚ್ಚಿದ್ದೀನಿ. ಕೆಲಸ ಆಗ್ಲೇ ಶುರುವಾಗಿದೆ."

"ಮಾತಿಗೇನು ಕಮ್ಮಿ ಇಲ್ಲ" ಎಂದರು. ಬೇಡ ಎನ್ನಲಿಲ್ಲ.

ಒಗೆಯುವ ಮೋಟರನ್ನು ಆರಿಸಿಕೊಂಡೆ. ಹಳೇ ತೆಳು ತಂತಿಯನ್ನೆಲ್ಲ ಕಿತ್ತು, ದಪ್ಪ ತಂತಿಯನ್ನು ಕಡಿಮೆ ಸುತ್ತು ಹಾಕಿದೆ. ಎಷ್ಟು ವರ್ಷದ ಮೇಲೆ ತಾಮ್ರ ಮುಟ್ಟಿದ್ದು! ಮೊದಲ ಸುರುಳಿ ಸೊಟ್ಟಗಾಯಿತು, ಎರಡನೆಯದಕ್ಕೆ ಬೆರಳುಗಳಿಗೆ ನೆನಪು ಬಂತು. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು, ನಾನು ಹಾಡಿಕೊಂಡು ಸುತ್ತುತ್ತಿದ್ದೆ. ಎರಡು ಸಲ ಹುಳಿ ತಳ ಹಿಡಿಯಿತು.

ಇನ್ನು ನಡುವೆ ತಿರುಗುವ ಗುಂಡು. ಅದಕ್ಕೆ ನಾವು ರೋಟರ್ ಎನ್ನುತ್ತೇವೆ. ಬಟ್ಟೆ ಒಗೆಯುವ ಮೋಟರಿನ ರೋಟರಿನಲ್ಲಿ ಆಯಸ್ಕಾಂತ ಇರುವುದಿಲ್ಲ. ಅದರ ಮೈಯನ್ನು ಲೇತ್ ಯಂತ್ರದಲ್ಲಿ ಸುತ್ತಲೂ ಸ್ವಲ್ಪ ಕೆತ್ತಿಸಿ ಆ ಜಾಗದಲ್ಲಿ ನಾವೇ ಅಂಟಿಸಬೇಕು. ಅದನ್ನು ಬ್ಯಾಗಿಗೆ ಹಾಕಿಕೊಂಡು ಕೋಣನಕುಂಟೆಯ ಒಂದು ಶೆಡ್ಡಿಗೆ ಹೋದೆ. ಲೇತ್ ನಡೆಸುತ್ತಿದ್ದವರು ಗದಗಿನ ಕಡೆಯವರು. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದು ದಿನಾ ಬಸ್ಸಿನಲ್ಲಿ ಬರುತ್ತಿದ್ದರು.

"ಅಕ್ಕಾರ, ಛಲೋ ರೋಟರ್ ಐತಲ್ರೀ. ಯಾಕ ಕೆತ್ತಸ್ತೀರಿ?"

"ಆಯಸ್ಕಾಂತ ಕೂರಿಸ್ಬೇಕು ಅಣ್ಣ. ಗಾಳೀಲಿ ತಿರುಗಿಸಿ ಕರೆಂಟ್ ತೆಗೀತೀನಿ."

ಅವರು ಲೇತನ್ನೇ ನಿಲ್ಲಿಸಿಬಿಟ್ಟರು. "ಗಾಳ್ಯಾಗ? ಈ ಬೆಂಗಳೂರಿನ ಗಾಳ್ಯಾಗ? ನಮ್ಮ ಗದಗಿಗೆ ಬರ್ರಿ, ಸುಮ್ನ ನಿಂತ ಮನಷ್ಯಾನ ತಿರಗ್ತಾನ."

ನಗುತ್ತಲೇ ಕೆತ್ತಿಕೊಟ್ಟರು. ಮೇಲಿನ ಮೈ ಹೋದಮೇಲೆ ಒಳಗಿನ ಅಲ್ಯುಮಿನಿಯಂ ಪಟ್ಟಿಗಳು ಬೆಳ್ಳಗೆ ಕಂಡವು. "ನೋಡ್ರಿ, ಓರೆ ಗೆರಿ ಹೆಂಗ ಹೊಳೀತಾವ, ಸೀರಿ ಅಂಚಿದ್ದಂಗ" ಎಂದು ಎತ್ತಿ ತೋರಿಸಿದರು. ಚೆನ್ನಾಗಿದೆ ಅಣ್ಣ ಎಂದು ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಆ ಗೆರೆಯನ್ನು ಅವತ್ತೇ ಸರಿಯಾಗಿ ನೋಡಿದ್ದರೆ ಹತ್ತು ದಿನ ಉಳಿಯುತ್ತಿತ್ತು.

ಎಸ್.ಪಿ. ರೋಡಿನಿಂದ ಗುಂಡಿಯಷ್ಟಗಲದ ಆಯಸ್ಕಾಂತಗಳನ್ನು ತಂದೆ. ನೋಡಲು ಪುಟ್ಟವು, ಬೆರಳಿನ ಮಧ್ಯೆ ಸಿಕ್ಕಿದರೆ ರಕ್ತ ಬರಿಸುವಂಥವು. ರಂಗೋಲಿ ಚುಕ್ಕಿ ಇಟ್ಟಷ್ಟೇ ಶಿಸ್ತಾಗಿ, ದಾರ ಹಿಡಿದು ಗೆರೆ ಹಾಕಿ, ನೆಟ್ಟಗೆ ಸಾಲುಸಾಲಾಗಿ ಅಂಟಿಸಿದೆ. ಮಿಶನ್ನಿನ ಮುಚ್ಚಳವೇ ಗಾಳಿ ಬಂದ ಕಡೆಗೆ ತಿರುಗಿಸುವ ಬಾಲವಾಯಿತು. ಒಡೆದ ಬಿಳಿ ಪ್ಲಾಸ್ಟಿಕ್ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ಮೂರು ರೆಕ್ಕೆ ಮಾಡಿದೆ. ಮೋಟರನ್ನು ಜೋಡಿಸಿ ಬೆರಳಲ್ಲಿ ತಿರುಗಿಸಿದರೆ ಟಕ್, ಟಕ್ ಎಂದು ಹೆಜ್ಜೆಹೆಜ್ಜೆಗೂ ಹಿಡಿದುಕೊಳ್ಳುತ್ತಿತ್ತು. ಗಾಳಿ ಬಂದರೆ ಬಿಡುತ್ತದೆ ಎಂದುಕೊಂಡೆ.

ಮಹಡಿಯ ಮೂಲೆಯಲ್ಲಿ, ಮುಂದೆ ಪಿಲ್ಲರ್ ಏಳಿಸಲು ಬಿಟ್ಟಿದ್ದ ಕಂಬಿಗಳಿದ್ದವು. ಅವಕ್ಕೇ ಒಂದು ಉದ್ದನೆಯ ಕಬ್ಬಿಣದ ಪೈಪನ್ನು ಕಟ್ಟಿ, ಅದರ ತುದಿಗೆ ಮೋಟರನ್ನು ಏರಿಸಿದೆ. ಗಾಳಿ ಬಂತು, ಜೋರಾಗಿಯೇ ಬಂತು. ಬಾಲ ತಿರುಗಿತು, ರೆಕ್ಕೆ ಒಂದು ಸಲ ನಡುಗಿ ನಿಂತಿತು. ಮತ್ತೆ ನಡುಗಿತು, ಮತ್ತೆ ನಿಂತಿತು. ಎರಡು ದಿನ, ಮೂರು ದಿನ ಅದೇ ಕಥೆ. ಬಟ್ಟೆ ಒಣಹಾಕಲು ಹೋದಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದೆ.

ಪಕ್ಕದ ಮನೆಯ ಸೊಸೆ ಕಾಂಪೌಂಡಿನ ಆಚೆಯಿಂದ ಕೇಳಿದಳು, "ಆಂಟಿ, ಅದೇನು ಹೊಸ ಡಿಶ್ಶಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟರು. "ತಿರುಗದ ಫ್ಯಾನ್ ಕಣಮ್ಮ. ತುಂಬಾ ಉಳಿತಾಯ."

ಅಮಾವಾಸ್ಯೆಗೆ ಐದು ದಿನ ಉಳಿದಿತ್ತು. ಅವತ್ತು ಬೆಳಿಗ್ಗೆ ಅತ್ತೆ ಗೋಧಿ ತೊಳೆದು, ಮಹಡಿಯ ಮೇಲೆ ಹಳೇ ಪಂಚೆ ಹಾಸಿ ಹರಡಿದ್ದರು. ಗಾಳಿಗೆ ಪಂಚೆ ಹಾರದಂತೆ ನಾಲ್ಕು ಮೂಲೆಗೆ ಭಾರ. ಮೂರು ಮೂಲೆಗೆ ಕಲ್ಲು. ನಾಲ್ಕನೆಯದಕ್ಕೆ, ನಾನು ಬಿಚ್ಚಿ ಪಕ್ಕಕ್ಕೆ ಹಾಕಿದ್ದ ಹಿಂಡುವ ಮೋಟರಿನ ರೋಟರು. ಬಿಸಿಲು ಅದರ ಮೇಲೆ ಬಿದ್ದಿತ್ತು, ಮೈಮೇಲಿನ ಗೆರೆಗಳು ಎದ್ದು ಕಾಣುತ್ತಿದ್ದವು. ಎಲ್ಲವೂ ಓರೆ.

ಬಕೆಟ್ಟು ಹಿಡಿದುಕೊಂಡೇ ನಿಂತುಬಿಟ್ಟೆ. ಹನ್ನೊಂದು ವರ್ಷ ನನ್ನ ಕೈಯಲ್ಲಿ ಹಾದುಹೋದ ರೋಟರುಗಳಲ್ಲೆಲ್ಲ ಈ ಓರೆ ಇತ್ತು. ಒರೆಸಿದ್ದೆ, ಎಣ್ಣೆ ಹಚ್ಚಿದ್ದೆ, ಯಾಕೆ ಹೀಗಿದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಮೋಟರಿನ ಒಳಗೆ ತಂತಿ ಸುತ್ತುವ ಕಬ್ಬಿಣದ ಹಲ್ಲುಗಳು ನೆಟ್ಟಗಿರುತ್ತವೆ. ಆಯಸ್ಕಾಂತದ ಸಾಲೂ ನೆಟ್ಟಗಿದ್ದರೆ ಇಡೀ ಸಾಲು ಒಮ್ಮೆಗೇ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಸಾಲು ಓರೆಯಾಗಿದ್ದರೆ ಒಂದು ತುದಿ ಕಚ್ಚುವಷ್ಟರಲ್ಲಿ ಇನ್ನೊಂದು ತುದಿ ಬಿಟ್ಟಿರುತ್ತದೆ! ನನ್ನ ಶಿಸ್ತೇ ನನಗೆ ಮುಳುವಾಗಿತ್ತು. ಬಕೆಟ್ಟು ಬಿಟ್ಟು ಓಡಿ ಆ ರೋಟರನ್ನು ಎತ್ತಿಕೊಂಡೆ.

"ಗೋಧಿ! ಲೇ, ಗೋಧೀ!" ಎಂದು ಅತ್ತೆ ಕೂಗಿದರು. ಪಂಚೆ ಮಗುಚಿಕೊಂಡು ಅರ್ಧ ಗೋಧಿ ಮಹಡಿಯ ತುಂಬ ಚೆಲ್ಲಿತ್ತು.

ಇಬ್ಬರೂ ಕುಕ್ಕುರುಗಾಲಲ್ಲಿ ಕೂತು ಆಯ್ದೆವು. ಆಯುತ್ತಾ ಅವರಿಗೆ ವಿವರಿಸಿದೆ. "ಎರಡು ಬಾಚಣಿಗೆ ಹಲ್ಲಿಗೆ ಹಲ್ಲು ಕೂತ್ರೆ ಜಾರುತ್ತಾ ಅತ್ತೆ? ಒಂದನ್ನ ಸ್ವಲ್ಪ ಓರೆ ಹಿಡೀರಿ, ಜಾರಿಬಿಡುತ್ತೆ."

ಅವರು ಗೋಧಿಯನ್ನು ಊದಿ ಮೊರಕ್ಕೆ ಹಾಕಿದರು. "ಇಷ್ಟು ಗೊತ್ತಿದ್ದೋಳು ಮೊದಲೇ ಯಾಕೆ ಓರೆ ಅಂಟಿಸ್ಲಿಲ್ಲ?"

ಮಧ್ಯಾಹ್ನ ರೋಟರನ್ನು ಬಿಸಿನೀರಿನಲ್ಲಿಟ್ಟು ಅಂಟು ಮೆತ್ತಗಾಗಲು ಕಾಯುತ್ತಿದ್ದಾಗ ಅತ್ತೆ ತಾವಾಗಿಯೇ ಬಂದು ಪಕ್ಕದಲ್ಲಿ ಕೂತರು. ನಾನು ಬಿದಿರಿನ ಕಡ್ಡಿಯಿಂದ ಒಂದೊಂದೇ ಆಯಸ್ಕಾಂತವನ್ನು ಮೀಟಿದೆ, ಅವರು ಮರದ ಸೌಟು ಅಡ್ಡ ಹಿಡಿದರು. ಎರಡು ಆಯಸ್ಕಾಂತ ಅವರ ಸೌಟನ್ನು ತಪ್ಪಿಸಿ ಹಾರಿ ಪಕ್ಕದ ತುರಿಯುವ ಮಣೆಗೆ ಫಟ್ಟನೆ ಅಂಟಿಕೊಂಡವು.

"ಅಯ್ಯಯ್ಯೋ, ಇದಕ್ಕೆ ಜೀವ ಇದ್ಯೇನೇ?" ಎಂದು ಹಿಂದೆ ಸರಿದು ಬಿದ್ದುಬಿದ್ದು ನಕ್ಕರು. ಅತ್ತೆ ಹಾಗೆ ನಗುವುದನ್ನು ನಾನು ಕಂಡಿದ್ದು ಅಪರೂಪ.

ಈ ಸಲ ಗೆರೆ ಹೇಗೆ ಎಳೆಯುವುದು? ಉರುಟಾದ ಮೈಯ ಮೇಲೆ ಓರೆ ಗೆರೆಗೆ ಸ್ಕೇಲು ನಿಲ್ಲುವುದಿಲ್ಲ. ಅತ್ತೆ ಎದ್ದು ಹೋಗಿ, ಭೀಮನ ಅಮಾವಾಸ್ಯೆಯ ಪೂಜೆಗೆಂದು ಅರಿಶಿನದಲ್ಲಿ ಅದ್ದಿಟ್ಟಿದ್ದ ದಾರದಲ್ಲಿ ಒಂದೆಳೆ ತಂದರು. "ಇನ್ನೂ ಹಸಿ ಇದೆ. ಸುತ್ತು, ಬಣ್ಣ ಕೂತ್ಕೊಳ್ಳುತ್ತೆ." ಹಾಗೇ ಆಯಿತು. ದಾರ ತೆಗೆದರೆ ರೋಟರಿನ ಮೈಮೇಲೆ ಹಳದಿ ಓರೆ ಗೆರೆ. ಅದರ ಮೇಲೆ ಒಂದೊಂದೇ ಕೂರಿಸಿ, ಎರಡು ದಿನ ಅಲ್ಲಾಡಿಸದೆ ಒಣಗಲು ಬಿಟ್ಟೆ. ಮೂರನೆಯ ದಿನ ಜೋಡಿಸಿ ಬೆರಳಲ್ಲಿ ಮುಟ್ಟಿದೆ. ಟಕ್ ಎನ್ನಲಿಲ್ಲ. ಬೆಣ್ಣೆಯ ಮೇಲೆ ಹೋದಂತೆ ಹೋಯಿತು.

ಪೈಪನ್ನು ಮತ್ತೆ ಏರಿಸುವಷ್ಟರಲ್ಲಿ ಹಬ್ಬ ಬಂದೇಬಿಟ್ಟಿತು. ಆದರೆ ಗಾಳಿ ಹೊರಟುಹೋಗಿತ್ತು! ಹಿಂದಿನ ಎರಡು ದಿನ ಎಲೆ ಅಲ್ಲಾಡಲಿಲ್ಲ. ಭೀಮನ ಅಮಾವಾಸ್ಯೆಯ ಬೆಳಿಗ್ಗೆ ನಮ್ಮವರ ಪಾದ ಪೂಜೆ ಮಾಡುವಾಗಲೂ ನನ್ನ ಕಿವಿ ಮಹಡಿಯ ಕಡೆಗೇ. "ಆಶೀರ್ವಾದ ಏನು ಬೇಕು?" ಎಂದು ಅವರು ತಮಾಷೆ ಮಾಡಿದರೆ "ಗಾಳಿ" ಎಂದೆ. ಲೇತಿನ ಅಣ್ಣನನ್ನು ಊಟಕ್ಕೆ ಕರೆದಿದ್ದೆ. ಕಡುಬು ತಿಂದವರು ಮನೆಗೆ ಹೋಗಲಿಲ್ಲ. "ಇರ್ತೀನ್ರಿ ಅಕ್ಕಾರ. ನಾ ಕೆತ್ತಿದ್ದು ತಿರಗೂದು ನೋಡೇ ಹೋಗ್ತೀನಿ" ಎಂದು ಮಹಡಿಯ ಮೆಟ್ಟಿಲ ಮೇಲೆ ಕೂತರು.

ಐದೂವರೆಯ ಹೊತ್ತಿಗೆ ಪಕ್ಕದ ಮನೆಯ ತೆಂಗಿನ ಗರಿ ಸಣ್ಣಗೆ ಸದ್ದು ಮಾಡಿತು. ಬಾಲ ಮೆಲ್ಲಗೆ ಪಡುವಣಕ್ಕೆ ತಿರುಗಿತು. ರೆಕ್ಕೆ ಒಂದು ಸುತ್ತು ಹಾಕಿತು. ನಿಲ್ಲಲಿಲ್ಲ. ಇನ್ನೊಂದು ಸುತ್ತು. ಆಮೇಲೆ ಮೂರು ರೆಕ್ಕೆ ಮೂರಾಗಿ ಕಾಣದೆ ಒಂದು ಬಿಳಿ ತಟ್ಟೆಯಾಗಿಬಿಟ್ಟವು. ತಂತಿಯ ತುದಿಗೆ ಸ್ಕೂಟರಿನ ಇಂಡಿಕೇಟರ್ ಬಲ್ಬು ಕಟ್ಟಿ ಕೈಯಲ್ಲಿ ಹಿಡಿದಿದ್ದೆ. ಅದರೊಳಗಿನ ಎಳೆ ಮೊದಲು ಕೆಂಪಗಾಯಿತು, ಆಮೇಲೆ ಹಳದಿ. ಗಾಳಿ ಒಮ್ಮೆ ಜೋರಾಗಿ ನುಗ್ಗಿದಾಗ ಬೆಳ್ಳಗೆ ಉರಿಯಿತು. ನನ್ನ ಕೈ ಬಿಸಿಯಾಯಿತು, ಬಿಡಲು ಮನಸ್ಸಾಗಲಿಲ್ಲ.

"ಹತ್ತಿತ್ರಿ! ಅಕ್ಕಾರ, ಹತ್ತಿತ್ರಿ! ನಮ್ಮ ಗದಗ ನಿಮ್ಮ ಮಾಳಗಿ ಮ್ಯಾಲೆ ಬಂತ್ ನೋಡ್ರಿ!" ಎಂದು ಲೇತಿನ ಅಣ್ಣ ಕುಣಿದೇಬಿಟ್ಟರು.

ಆರಕ್ಕೆ ಸರಿಯಾಗಿ ಬೀದಿಯ ಕರೆಂಟು ಹೋಯಿತು. ಅತ್ತೆ ಪೂಜೆಯ ತಂಬಿಟ್ಟಿನ ದೀಪವನ್ನು ಅಂಗೈ ಮರೆಮಾಡಿಕೊಂಡು ಮೇಲೆ ತಂದರು. ಕೊನೆಯ ಮೆಟ್ಟಿಲು ಹತ್ತುವಾಗ ಗಾಳಿಗೆ ಅದು ಆರಿತು. ಅದೇ ಗಾಳಿಗೆ ನನ್ನ ಬಲ್ಬು ಇನ್ನಷ್ಟು ಉರಿಯಿತು. ಅವರು ಎರಡನ್ನೂ ಒಂದು ಗಳಿಗೆ ನೋಡಿದರು.

"ಗಾಳಿಗೆ ಆರೋ ದೀಪ ಹುಟ್ಟಿದಾಗಿಂದ ನೋಡಿದ್ದೀನಿ. ಗಾಳಿಗೆ ಹತ್ತೋ ದೀಪ ಇವತ್ತೇ ನೋಡಿದ್ದು" ಎಂದರು. ಆಮೇಲೆ ಕಾಂಪೌಂಡಿನ ಕಡೆ ಬಗ್ಗಿ, "ಬಾರಮ್ಮ ಮೇಲೆ! ನಮ್ಮ ಸೊಸೆ ಕರೆಂಟ್ ಮಾಡಿದ್ದಾಳೆ ನೋಡ್ಬಾ!" ಎಂದು ಪಕ್ಕದ ಮನೆಯವಳನ್ನು ಕೂಗಿದರು. ನಮ್ಮವರು ಬಲ್ಬಿನ ಹತ್ತಿರ ಬಂದು, ಇನ್ನೊಂದು ಬಲ್ಬು ಹಾಕಿದರೂ ಹತ್ತುತ್ತದೆಯೇ ಎಂದು ಕೇಳಿದರು.

ಮಾರನೆಯ ದಿನ ಶ್ರಾವಣ. ಮಾತು ಕೊಟ್ಟಿದ್ದೆನಲ್ಲ, ನಾನೇ ಹಗ್ಗ ಬಿಚ್ಚಿ ಪೈಪನ್ನು ಇಳಿಸಿದೆ. ಮೋಟರನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದಾಗ ಮೇಸ್ತ್ರಿ ಟೇಪು ಹಿಡಿದು ಮಹಡಿ ಹತ್ತಿದರು. ನಮ್ಮವರು ಮೂಲೆಮೂಲೆ ತೋರಿಸುತ್ತಾ, ಮೇಲಿನ ಮೋಲ್ಡಿಂಗ್ ಆದಮೇಲೆ ಎಲ್ಲಾ ಕಂಬಿ ಕತ್ತರಿಸಿಬಿಡಿ ಎನ್ನುತ್ತಿದ್ದುದು ಕೆಳಗೆ ನನಗೂ ಕೇಳಿಸುತ್ತಿತ್ತು.

ಅತ್ತೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. "ಮೇಸ್ತ್ರಿ, ಪಡುವಣದ ಮೂಲೆ ಕಂಬಿ ಮಾತ್ರ ಮುಟ್ಬೇಡಿ. ಇನ್ನೂ ಎರಡಡಿ ಉದ್ದಾನೇ ಬಿಡಿ."

"ಯಾಕಮ್ಮ, ಇನ್ನೊಂದು ಫ್ಲೋರ್ ಏಳಿಸ್ತೀರಾ?"

"ಇಲ್ಲಪ್ಪ. ನಮ್ಮ ಸೊಸೆ ಫ್ಯಾನ್ ಕಟ್ಬೇಕು. ಮುಂದಿನ ಆಷಾಢಕ್ಕೆ ಇನ್ನೂ ಎತ್ತರದಲ್ಲಿ ಗಾಳಿ ಸಿಗುತ್ತಲ್ಲ."

ನಾನು ಅಟ್ಟದ ಏಣಿಯಿಂದ ಇಳಿದೆ. ಮೋಟರನ್ನು ಮಂಚದ ಕೆಳಗೆ, ಕೈಗೆ ಸಿಗುವಂತೆ ಇಟ್ಟೆ.