ಚೀಟಿ ಜೇಬಿನ ಕಂಡಕ್ಟ್ರು

ಒಂದು ಕೇಳ್ತೀನಿ, ಸುಳ್ಳು ಹೇಳ್ಬಾರ್ದು. ನಿಮ್ಮನೇಲಿ ಯಾರಿಗೆ ಯಾವ ಕಾಯಿಲೆ ಅನ್ನೋದು ನಿಮಗಿಂತ ಚೆನ್ನಾಗಿ ಬಸ್ ಕಂಡಕ್ಟ್ರಿಗೆ ಗೊತ್ತಾ? ಇಲ್ವಾ? ಹಂಗಾದ್ರೆ ನೀವು ನಮ್ಮ ಲೈನಿನವರಲ್ಲ, ಬಿಡಿ.

ನಮ್ಮ ಕಂಡಕ್ಟ್ರ ಎಡಗಡೆ ಜೇಬು ಯಾವಾಗ್ಲೂ ಆರು ತಿಂಗಳ ಬಸುರಿ ಹೊಟ್ಟೆ ಥರ ಉಬ್ಬಿರೋದು. ಖಾಕಿ ಬಟ್ಟೆ ಅಲ್ಲೊಂದು ಕಡೆ ಸವೆದು ತೆಳ್ಳಗಾಗಿ ಒಳಗಿನ ಬಿಳೀ ಕಾಗದ ಕಾಣ್ತಿತ್ತು. ಅದ್ರ ತುಂಬ ಡಾಕ್ಟ್ರ ಚೀಟಿ. ರಬ್ಬರ್ ಬ್ಯಾಂಡ್ ಹಾಕಿದ ಮೂರು ಕಟ್ಟು. ನಿಟ್ಟೂರಿನ ಕಡೇದೊಂದು, ನಮ್ಮೂರದ್ದೊಂದು, ಹೊಸನಗರ ದಾಟಿದ್ಮೇಲಿಂದು ಇನ್ನೊಂದು. ಟಿಕೆಟ್ ಹರಿಯೋಕೆ ಅಂತ್ಲೇ ಬಲಗೈ ಹೆಬ್ಬೆಟ್ಟಿನ ಉಗುರು ಬಿಟ್ಟಿದ್ರು. ಈಗ ಮಿಷನ್ ಬಂದಿದೆ, ಕುಂಯ್ ಅಂತ ಟಿಕೆಟ್ ತಾನೇ ಬರತ್ತೆ. ಆದ್ರೂ ಉಗುರು ಕತ್ತರಿಸ್ಲಿಲ್ಲ.

ನಮ್ಮೂರು ಹೊಸನಗರದಿಂದ ನಿಟ್ಟೂರಿಗೆ ಹೋಗೋ ದಾರೀಲಿದೆ. ಮೆಡಿಕಲ್ ಅಂಗಡಿ ಇಲ್ಲ. ಬೆಳಿಗ್ಗೆ ಏಳೂಕಾಲರ ಸಾಗರದ ಬಸ್ಸಿಗೆ ಚೀಟಿ ಕೊಟ್ರೆ ಕಂಡಕ್ಟ್ರು ಸಾಗರದಿಂದ ಮಾತ್ರೆ ತಂದು, ಕವರಿನ ಮೇಲೆ ಮನೆ ಹೆಸರು ಬರೆದು, ಸಂಜೆ ಐದೂಕಾಲಕ್ಕೆ ಬಸ್‌ಸ್ಟಾಪಿನ ಗೂಡಂಗಡಿ ಕಟ್ಟೆ ಮೇಲೆ ಇಟ್ಟು ಹೋಗ್ತಾರೆ. ಅವರವರು ಬಂದು ಅವರವರದ್ದು ತಗೊಂಡು ಹೋಗೋದು. ನಾನು ಮದುವೆಯಾಗಿ ಬಂದಾಗಿಂದ ಇದೇ ಪದ್ಧತಿ. ಕಂಡಕ್ಟ್ರು ಬದಲಾದ್ರು, ಕಟ್ಟೆ ಬದಲಾಗ್ಲಿಲ್ಲ.

ನಂಗೊಂದು ಕೆಟ್ಟ ಚಾಳಿ, ಮುಚ್ಚಿಡೋದೆಂತಕ್ಕೆ. ನಾವು ಜೈನರು, ಹೊತ್ತು ಮುಳುಗೋದ್ರೊಳಗೆ ಊಟ. ಊಟದ ಜೊತೆ ನನ್ನ ಬಿಪಿ ಮಾತ್ರೆ ಆಗ್ಬೇಕು ಅಂತ ಐದು ಗಂಟೆಗೇ ಹೋಗಿ ಅಂಗಡಿ ಬೆಂಚಲ್ಲಿ ಕೂರ್ತಿದ್ದೆ. ಕವರು ಇಳಿದಿದ್ದೇ ತಡ, ಎಲ್ಲಾನೂ ಒಂದೊಂದಾಗಿ ಹಿಸುಕಿ ನೋಡೋದು. ಉದ್ದ ಪಟ್ಟಿ ಆದ್ರೆ ಶುಗರು. ಬಾಟ್ಲಿ ಆದ್ರೆ ಕೆಮ್ಮು. ಮೆತ್ತಗೆ ಟ್ಯೂಬ್ ಸಿಕ್ತೋ, ಗಜಕರ್ಣ.

ಅಂಗಡಿಯವಳು ನಗೋಳು. "ಅಜ್ಜೀ, ನೀವು ಡಾಕ್ಟ್ರಾಗ್ಬೇಕಿತ್ತು."

"ಆಗಿದ್ರೆ ಈ ಊರಲ್ಲಿ ನಿನ್ನ ಅಂಗಡಿಗೆ ಗಿರಾಕಿ ಉಳೀತಿರ್ಲಿಲ್ಲ ಮಾರಾಯ್ತೀ."

ಕಂಡಕ್ಟ್ರ ಬಾಯಿ ಬಿಡ್ಸೋಕೆ ನಾನು ಮಾಡದ ಉಪಾಯ ಇಲ್ಲ. "ಕಂಡಕ್ಟ್ರೇ, ಮೇಷ್ಟ್ರ ಮನೆಗೆ ಈ ಪರಿ ದಪ್ಪ ಕವರ್ ಎಂತಕ್ಕೆ?" ಅಂತ ಕೇಳಿದ್ರೆ, "ನಿಮ್ದು ಇಲ್ಲಿದೆ ಅಜ್ಜೀ. ಬೇಗ ಹೋಗಿ, ಸೂರ್ಯ ನಿಮಗೋಸ್ಕರ ಕಾಯಲ್ಲ" ಅಂತ ರೈಟ್ ಕೊಟ್ಟು ಹೊರಟೇಬಿಡೋರು.

ಹಂಗಂತ ಮಾತೇ ಆಡದ ಮನುಷ್ಯ ಅಲ್ಲ. ಓದೋ ಹುಡುಗ್ರು, ಕೆಲಸ ಹುಡುಕೋ ಹುಡುಗ್ರು ಬಸ್ ಹತ್ತಿದ್ರೆ ಇವರ ಬಾಯಿ ಬಿಚ್ಚೋದು. ಯಾವ ಆಫೀಸು, ಯಾವ ವಾರ, ಯಾವ ಕಿಟಕಿ, ಎಲ್ಲ ನಾಲಿಗೆ ತುದೀಲಿ. ನಿಟ್ಟೂರಿನ ಕಡೆ ಹುಡುಗಿ ಒಬ್ಳಿಗೆ ಹಾಸ್ಟೆಲ್ ಸೀಟು ಬೇಕಿತ್ತು. ನನ್ನ ಎದುರಿಗೇ ಹೇಳಿದ್ದು ಕೇಳಿದ್ದೀನಿ: "ತಾಲೂಕಾಫೀಸಿಗೆ ಹೋಗ್ಬೇಡ ತಂಗೀ, ಅದು ಅಲ್ಲಲ್ಲ. ಹಿಂದಿನ ಬೀದಿ, ಮೆಟ್ಟಿಲು ಹತ್ತಿ ಎರಡನೇ ಕೋಣೆ. ಊಟದ ಹೊತ್ತಿಗೆ ಮುಂಚೆ ಹೋಗು. ಫೋಟೋ ಎರಡು ಸಾಕು ಅಂತ ಬರ್ದಿರ್ತಾರೆ, ನೀನು ನಾಲ್ಕು ಇಟ್ಕೋ. ಒಬ್ಬಳೇ ಹೋಗೋಕೆ ಹೆದರಿಕೆ ಆದ್ರೆ ಕ್ಯೂನಲ್ಲಿ ನಿನ್ನ ಮುಂದಿರೋರ ಹೆಸರು ಕೇಳು. ಹೆಸರು ಕೇಳಿದ್ಮೇಲೆ ಯಾರೂ ಕಚ್ಚಲ್ಲ."

"ಇಷ್ಟೆಲ್ಲ ನಿಮಗೆಂತಕ್ಕೆ ಮಾರಾಯ್ರೇ?" ಅಂದೆ.

"ಬಸ್ಸು ಎಲ್ಲಿಗೆ ಹೋಗತ್ತೆ ಅಂತ ಬೋರ್ಡಲ್ಲಿ ಇರತ್ತೆ ಅಜ್ಜೀ. ಎಲ್ಲಿ ಇಳೀಬೇಕು ಅಂತ ಯಾವ ಬೋರ್ಡಲ್ಲೂ ಇರಲ್ಲ" ಅಂದ್ರು.

ಈಗ ನನ್ನ ಮೊಮ್ಮಗಳ ಸುದ್ದಿ. ಅವಳ ಒಪ್ಪಿಗೆ ತಗೊಂಡೇ ಬರೀತಿದ್ದೀನಿ. ಒಪ್ಪಿಗೆ ತಗೊಳ್ಳೋದನ್ನ ನಾನು ಹೆಂಗೆ ಕಲಿತೆ ಅನ್ನೋದೇ ಕಥೆ.

ಸಾಗರದಲ್ಲಿ ಡಿಗ್ರಿ ಎರಡನೇ ವರ್ಷ ಓದ್ತಿದ್ಲು. ಇದ್ದಕ್ಕಿದ್ದ ಹಾಗೆ ಮಾತು ಕಮ್ಮಿಯಾಯ್ತು. ಊಟಕ್ಕೆ ಕೂತ್ರೆ ತಟ್ಟೇಲಿ ಬೆರಳಾಡಿಸಿ ಎದ್ದು ಹೋಗೋಳು. ತಲೆಗೂದಲು ಬಾಚ್ತಿರ್ಲಿಲ್ಲ. ನಿದ್ದೆ ಬರಲ್ಲ ಅನ್ನೋಳು, ಏನಾಯ್ತು ಅಂದ್ರೆ ಏನಿಲ್ಲ ಅನ್ನೋಳು. ನನ್ನ ಮಗ ಹುಂಚದ ಬಸದಿಗೆ ಕರ್ಕೊಂಡು ಹೋಗಿ ಅಮ್ಮನವರಿಗೆ ಪೂಜೆ ಮಾಡಿಸ್ದ. ಸೊಸೆ ಯಾರೋ ಹೇಳಿದ್ರು ಅಂತ ಸಿಗಂದೂರಿಗೂ ಹರಕೆ ಹೊತ್ಲು. ನಾನು ಮಾತ್ರ, ಇದು ಯಾವನೋ ಹುಡುಗನ ವಿಷ್ಯ ಅಂತ ಒಳಗೊಳಗೇ ತೀರ್ಮಾನ ಮಾಡಿ ಕೂತಿದ್ದೆ.

ಆಗ ಬಸ್ಸಲ್ಲಿ ಏನಾಗ್ತಿತ್ತು ಅನ್ನೋದನ್ನ ಅವಳೇ ಆಮೇಲೆ ಹೇಳಿದ್ದು. ಕಾಲೇಜು ಸ್ಟಾಪ್ ಬಂದ್ರೂ ಇಳೀತಿರ್ಲಿಲ್ಲವಂತೆ. ಕೊನೇ ತನಕ ಹೋಗಿ, ಬಸ್‌ಸ್ಟ್ಯಾಂಡಲ್ಲಿ ಬಸ್ಸು ನಿಂತಷ್ಟು ಹೊತ್ತೂ ಅದರಲ್ಲೇ ಕೂತು, ಅದೇ ಬಸ್ಸಲ್ಲಿ ವಾಪಸ್. ಮೂರು ದಿನ ಕಂಡಕ್ಟ್ರು ನೋಡಿದ್ರು, ಏನೂ ಕೇಳ್ಲಿಲ್ಲ. ನಾಲ್ಕನೇ ದಿನ ಪಕ್ಕದಲ್ಲಿ ಬಂದು ಕೂತ್ರು. ಇವಳು ಏನೋ ಹೇಳಿದ್ಲು. ಅದೇನು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಅದರ ಮುಂದಿನ ಮಂಗಳವಾರ, ಸ್ಟಾಪೇ ಇಲ್ಲದ ಕಡೆ, ಸರಕಾರಿ ಆಸ್ಪತ್ರೆ ಗೇಟಿನ ಎದುರು ಬಸ್ ನಿಲ್ಲಿಸಿದ್ರು. "ಒಳಗೆ ಹೋಗಿ ಚೀಟಿ ಮಾಡ್ಸು ತಂಗೀ. ಮನಸ್ಸಿನ ಡಾಕ್ಟ್ರು ಮಂಗಳವಾರ ಇರ್ತಾರೆ. ಹೊರಗೆ ಬೆಂಚಿದೆ, ಅಲ್ಲಿ ಕೂತಿರೋರು ಯಾರೂ ನಿನ್ನ ನೋಡಲ್ಲ, ಅವರವರ ಕಾಲು ನೋಡ್ಕೊಂಡಿರ್ತಾರೆ. ಹನ್ನೆರಡೂವರೆ ಟ್ರಿಪ್ಪಿಗೆ ಇಲ್ಲೇ ಹಾರ್ನ್ ಹಾಕ್ತೀನಿ."

ಹಂಗೆ ಹೋಗೋಕೆ ಶುರು ಮಾಡಿದ್ಲು. ಎರಡು ತಿಂಗಳಲ್ಲಿ ತಟ್ಟೆ ಖಾಲಿಯಾಗೋಕೆ ಶುರುವಾಯ್ತು. ಒಂದಿನ ನನ್ನ ಸೀರೆ ಸೆರಗಿಗೆ ಪಿನ್ ಚುಚ್ಚಿ ಕುರ್ಚಿಗೆ ಸಿಗಿಸಿ ಓಡಿದ್ಲು. ನಮ್ಮನೆ ಕೂಸು ವಾಪಸ್ ಬಂತು ಅಂತ ಗೊತ್ತಾಯ್ತು. ಪೂಜೆ ಫಲ ಅಂದ ಮಗ. ಹರಕೆ ಫಲ ಅಂದ್ಲು ಸೊಸೆ. ಹುಡುಗ ಕೈಕೊಟ್ಟ ಅಂದ್ಕೊಂಡೆ ನಾನು.

ಪರೀಕ್ಷೆಗೆ ಓದೋ ರಜೆ ಬಂತು. ಅವಳು ಮನೇಲೇ ಇದ್ಲು, ಮಾತ್ರೆ ಚೀಟಿ ಬಸ್ಸಿಗೆ ಕೊಟ್ಟಿದ್ಲು. ಕಂಡಕ್ಟ್ರು ಅವಳ ಕವರನ್ನ ಕಟ್ಟೆ ಮೇಲೆ ಇಡ್ತಿರ್ಲಿಲ್ಲ, ಕೈಗೇ ಕೊಡ್ತಿದ್ರು. ಆದ್ರೆ ಆ ದಿನ ಮಗಳ ನಿಶ್ಚಿತಾರ್ಥ ಅಂತ ರಜೆ ಹಾಕಿದ್ರು. ಬದಲಿಗೆ ಬಂದವನು ನಮ್ಮನೆ ಹೆಸರು ಬರೆದು ಕಟ್ಟೆ ಮೇಲೆ ಇಟ್ಟು ಹೋದ.

ನಮ್ಮನೆ ಹೆಸರು ಅಂದ್ಮೇಲೆ ನಂದೇ ಅಲ್ವಾ? ತೆಗೆದೆ. ಒಳಗೆ ಚೀಟಿ, ಅದ್ರಲ್ಲಿ ಮೊಮ್ಮಗಳ ಹೆಸರು. ಅಲ್ಲಿಗೆ ಮಡಚಿ ಸೊಂಟಕ್ಕೆ ಸಿಕ್ಕಿಸ್ಕೊಂಡು ಮನೆಗೆ ಬಂದಿದ್ರೆ ಇದನ್ನ ಬರೆಯೋ ಅವಶ್ಯಕತೆನೇ ಇರ್ಲಿಲ್ಲ. ನಾನು ಏನ್ ಮಾಡ್ದೆ ಗೊತ್ತಾ? ಅಂಗಡಿಯವಳ ಕೈಗೆ ಕೊಟ್ಟು, "ನಿನ್ನ ಫೋನಲ್ಲಿ ನೋಡೇ, ಇದು ಎಂತಕ್ಕೆ ಕೊಡೋ ಮಾತ್ರೆ ಅಂತ" ಅಂದೆ. ಬೆಂಚಲ್ಲಿ ಇನ್ನೂ ಮೂರು ಜನ ಇದ್ರು. ಅವಳು ಜೋರಾಗಿ ಓದಿದ್ಲು. ಒಬ್ಬಳು "ಅಯ್ಯೋ, ತಲೆಗೆ ಕೊಡೋದಾ?" ಅಂದ್ಲು. ನಾನು ಮನೆ ಮೆಟ್ಟಿಲು ಹತ್ತೋದ್ರೊಳಗೆ ಸುದ್ದಿ ನಾಲ್ಕು ಮನೆ ದಾಟಿತ್ತು.

ಮೊಮ್ಮಗಳಿಗೆ ಗೊತ್ತಾಯ್ತು. ಕೂಗಾಡ್ಲಿಲ್ಲ, ಅಳ್ಲಿಲ್ಲ. "ಸಾಕು ಅಜ್ಜೀ" ಅಂದ್ಲು ಅಷ್ಟೇ. ಮಾತ್ರೆ ಕವರು ಹಂಗೇ ಮೇಜಿನ ಮೇಲೆ ಉಳೀತು, ಬಿಚ್ಚಲೇ ಇಲ್ಲ. ಮಂಗಳವಾರ ಬಂತು, ಅವಳು ಕೋಣೆ ಬಾಗಿಲು ತೆಗೀಲಿಲ್ಲ. ಪರೀಕ್ಷೆಗೂ ಹೋಗಲ್ಲ ಅಂದ್ಲು.

ಬಸ್ಸು ಬಂತು. ಎರಡು ಸಲ ಹಾರ್ನ್ ಆಯ್ತು. ನಾನೇ ರಸ್ತೆಗೆ ಹೋಗಿ "ಇವತ್ತು ಬರಲ್ಲ ಅವಳು" ಅಂದೆ. ಕಂಡಕ್ಟ್ರು ಇಳಿದ್ರು. ಅವರು ನಮ್ಮ ಸ್ಟಾಪಲ್ಲಿ ನೆಲಕ್ಕೆ ಕಾಲಿಟ್ಟಿದ್ದನ್ನ ನಾನು ನೋಡೇ ಇರ್ಲಿಲ್ಲ. ನನ್ನ ಪಕ್ಕಕ್ಕೆ ಕರೆದು ಯಾರಿಗೂ ಕೇಳ್ದಷ್ಟು ಮೆತ್ತಗೆ ಮಾತಾಡಿದ್ರು.

"ಅಜ್ಜೀ, ನಂಗೆ ಎಲ್ಲಾ ಗೊತ್ತಾಯ್ತು. ಒಂದು ಕೇಳ್ತೀನಿ. ಪ್ರತೀ ತಿಂಗಳು ಪೇಪರಲ್ಲಿ ಸುತ್ತಿ ನಿಮ್ಮ ಕೈಗೇ ಕೊಡ್ತೀನಲ್ಲ, ಮೂಲವ್ಯಾಧಿ ಮುಲಾಮು, ಅದನ್ನ ಯಾವತ್ತಾದ್ರೂ ಕಟ್ಟೆ ಮೇಲೆ ಇಟ್ಟಿದ್ದೀನಾ?"

ನಂಗೆ ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು.

"ನಿಮಗೆ ನಾಚಿಕೆ ಆಗ್ಬಾರ್ದು ಅಂತ ಅಲ್ವಾ? ಅವಳಿಗೆ ಇಪ್ಪತ್ತು ವರ್ಷ ಅಜ್ಜೀ. ಡಾಕ್ಟ್ರು ಹೇಳ್ದೆ ಮಾತ್ರೆ ನಿಲ್ಲಿಸ್ಬಾರ್ದು, ಕೋಣೇಲಿ ಒಬ್ಬಳನ್ನೇ ಬಿಡ್ಬೇಡಿ. ಹೆಂಡ್ತಿ ತೀರಿಹೋದ ವರ್ಷ ಆ ಆಸ್ಪತ್ರೆ ಬೆಂಚಲ್ಲಿ ನಾನೂ ಕೂತಿದ್ದೀನಿ. ಅರ್ಧಕ್ಕೆ ಎದ್ದು ಬಂದ್ರೆ ಏನಾಗತ್ತೆ ಅಂತ ನಂಗೆ ಗೊತ್ತು."

ಡ್ರೈವರು ಹಾರ್ನ್ ಹೊಡೀತಾ ಇದ್ದ. ಹತ್ತಿ ಹೋದ್ರು.

ಮನೆಗೆ ಬಂದು ಮೊದಲು ಮಗ ಸೊಸೆ ಇಬ್ಬರಿಗೂ ಇದ್ದದ್ದು ಇದ್ದ ಹಾಗೆ ಹೇಳ್ದೆ. ಸೊಸೆ ಹಾಸಿಗೆ ತಗೊಂಡು ಮಗಳ ಕೋಣೆಗೇ ಹೋದ್ಲು. ನಾನೂ ಒಳಗೆ ಹೋಗಿ "ತಪ್ಪಾಯ್ತು ಕೂಸೇ" ಅಂದೆ. ನನ್ನ ಗಂಡನಿಗೂ ಹೇಳದ ಮಾತು ಅದು. ಅವಳು ಗೋಡೆ ಕಡೆ ತಿರುಗಿದ್ಲು. "ಊರಿಗೆಲ್ಲ ಗೊತ್ತಾಯ್ತಲ್ಲ, ಇನ್ನು ಆ ಬಸ್ಸಲ್ಲಿ ಹೆಂಗೆ ಕೂರ್ಲಿ?" ಅಂದ್ಲು.

ಡಾಕ್ಟ್ರಿಗೆ ಮಾತ್ರೆ ಬಿಟ್ಟ ಸುದ್ದಿ ಮುಟ್ಟಲೇಬೇಕಿತ್ತು. ಮಗ ಹೋಗ್ತೀನಿ ಅಂದ. ಬೇಡ, ಕೆಡಿಸಿದವಳು ನಾನು, ನಾನೇ ಹೋಗ್ತೀನಿ ಅಂದೆ. ಮರುದಿನವೇ ಆಸ್ಪತ್ರೆಗೆ ಹೋಗಿ ಅಲ್ಲಿದ್ದ ನರ್ಸಮ್ಮನ ಹತ್ರ ಹೇಳ್ದೆ. ಅವರು ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ, ಮಾತ್ರೆ ಹೆಂಗೆ ಮತ್ತೆ ಶುರು ಮಾಡೋದು ಅಂತ ಬರೆದುಕೊಟ್ರು. "ಮಂಗಳವಾರ ಹುಡುಗೀನ ಕರ್ಕೊಂಡು ಬನ್ನಿ" ಅಂದ್ರು. ಚೀಟಿ ತಂದು ಅವಳ ಮೇಜಿನ ಮೇಲಿಟ್ಟೆ. ನೋಡಿದ್ಲು, ಮುಟ್ಲಿಲ್ಲ.

ಮಂಗಳವಾರ ಅವಳು ಏಳ್ಲಿಲ್ಲ. ನಾನೇ ಹೊಸ ಸೀರೆ ಉಟ್ಟು ಸ್ಟಾಪಿಗೆ ಹೋದೆ. ಬೆಂಚಲ್ಲಿ ಅವೇ ಮೂರು ತಲೆ. ಬಸ್ಸು ಬಂತು. ಇಡೀ ಬಸ್ಸಿಗೆ ಕೇಳೋ ಹಾಗೆ ಅಂದೆ: "ಕಂಡಕ್ಟ್ರೇ, ಒಂದು ಸಾಗರ ಕೊಡಿ. ಸರಕಾರಿ ಆಸ್ಪತ್ರೆ. ಮನಸ್ಸಿನ ಡಾಕ್ಟ್ರ ಹತ್ರ. ನಂಗೇ!"

ಅಂಗಡಿಯವಳ ಕೈಲಿದ್ದ ಬಾಳೆಗೊನೆ ಜಾರಿತು. ಕಂಡಕ್ಟ್ರು ಟಿಕೆಟ್ ಕೊಟ್ರು, ನಗಲೂ ಇಲ್ಲ, ಹುಬ್ಬೂ ಹಾರಿಸ್ಲಿಲ್ಲ. ಹೊಸನಗರಕ್ಕೆ ಹೋಗೋರಿಗೆ ಕೊಟ್ಟ ಹಾಗೇ.

ಆಸ್ಪತ್ರೆಯ ಆ ಬೆಂಚಲ್ಲಿ ಕೂತೆ. ಚಿನ್ನದ ಸರ ಹಾಕಿದ ದೊಡ್ಡ ಯಜಮಾನ್ರು ಇದ್ರು, ಕಾಲೇಜು ಹುಡುಗ್ರು ಇದ್ರು, ಮಡಿಲಲ್ಲಿ ಮಗು ಇಟ್ಕೊಂಡ ಬಾಣಂತಿ ಇದ್ಲು. ನಾನೊಬ್ಬಳೇ ಎಲ್ಲರ ಮುಖ ನೋಡ್ತಿದ್ದೋಳು. ಆಮೇಲೆ ನಾನೂ ನನ್ನ ಕಾಲು ನೋಡ್ಕೊಂಡೆ.

ಒಳಗೆ ಡಾಕ್ಟ್ರಮ್ಮ "ಏನ್ ತೊಂದ್ರೆ ಅಜ್ಜೀ?" ಅಂದ್ರು.

"ಬಾಯಿ ಡಾಕ್ಟ್ರೇ, ಮುಚ್ಚಲ್ಲ" ಅಂದೆ.

ಅವರು ನಕ್ಕು ಪೆನ್ನು ಕೆಳಗಿಟ್ರು. ನಾನು ನಡೆದಿದ್ದು ಹೇಳ್ತಾ ಹೇಳ್ತಾ ಎಲ್ಲೆಲ್ಲಿಗೋ ಹೋದೆ. ಹದಿನೇಳಕ್ಕೆ ಮದುವೆಯಾಗಿದ್ದು, ಒಂದು ಮಗು ಹೋಗಿದ್ದು, ಅದನ್ನ ಯಾರ ಹತ್ರಾನೂ ಹೇಳ್ದೆ ಊರ ಸುದ್ದಿಯೆಲ್ಲ ಬಾಯಿಗೆ ತುಂಬಿಕೊಂಡಿದ್ದು. ಕಣ್ಣಲ್ಲಿ ನೀರು ಯಾವಾಗ ಬಂತು ಗೊತ್ತಿಲ್ಲ. ನನ್ನ ಇಪ್ಪತ್ತನೇ ವಯಸ್ಸಲ್ಲಿ ಇಂಥದ್ದೊಂದು ಕೋಣೆ ಇದೆ ಅಂತ ನಂಗೆ ಯಾರೂ ಹೇಳಿರ್ಲಿಲ್ಲ.

ಅದರ ಮರುದಿನ ಬೆಳಿಗ್ಗೆ ನೋಡಿದ್ರೆ ಮೇಜಿನ ಮೇಲೆ ಮಾತ್ರೆ ಕವರು ಬಿಚ್ಚಿದೆ. ಮುಂದಿನ ಮಂಗಳವಾರ ಏಳು ಗಂಟೆಗೆ ಮೊಮ್ಮಗಳು ತಲೆ ಬಾಚ್ಕೊಂಡು ಅಂಗಳದಲ್ಲಿ ನಿಂತಿದ್ಲು.

"ಬಾ ಅಜ್ಜೀ, ಇಬ್ರೂ ಹೋಗಣ."

"ನಾನು ಹೋಗಿದ್ದು ನಿಜ ಅಂತ ನಂಬಿದ್ಯಾ? ನಾಟಕ ಅನ್ನಿಸ್ಲಿಲ್ವಾ?"

"ಮೊದಲು ನಾಟಕ ಅಂದ್ಕೊಂಡೆ. ಕಂಡಕ್ಟರಣ್ಣಂಗೆ ಫೋನ್ ಮಾಡಿ ಕೇಳ್ದೆ, ಅಜ್ಜಿ ನಿಜವಾಗ್ಲೂ ಆಸ್ಪತ್ರೆ ಗೇಟಲ್ಲಿ ಇಳಿದ್ರಾ ಅಂತ. 'ಯಾರು ಎಲ್ಲಿ ಇಳಿದ್ರು ಅಂತ ನಾನು ಹೇಳಲ್ಲ ತಂಗೀ' ಅಂದ್ರು. ಬರೀ ನಾಟಕ ಆಗಿದ್ರೆ ಮುಚ್ಚಿಡೋಕೆ ಅವರಿಗೆ ಏನಿರ್ತಿತ್ತು? ಅವರು ಹಂಗೆ ಅಂದಿದ್ದಕ್ಕೇ ಗೊತ್ತಾಯ್ತು, ನೀನು ಒಳಗೆ ಹೋಗಿದ್ದೀ ಅಂತ."

ಪರೀಕ್ಷೆ ಬರೆದ್ಲು. ಒಂದು ವಿಷಯ ಹೋಯ್ತು, ಆಮೇಲೆ ಕಟ್ಟಿ ಪಾಸಾದ್ಲು. ಈಗ ತೀರ್ಥಹಳ್ಳೀಲಿ ಕೆಲಸ, ಹೆಣ್ಮಕ್ಕಳ ಹಾಸ್ಟೆಲ್ಲಲ್ಲಿ ಇದ್ದಾಳೆ. ನಿದ್ದೆ ಬರದ ವಾರ ಈಗ್ಲೂ ಬರತ್ತಂತೆ. ಆಗ ಎಲ್ಲಿಗೆ ಹೋಗ್ಬೇಕು ಅಂತ ಅವಳಿಗೆ ಗೊತ್ತು. ಹಾಸ್ಟೆಲ್ಲಿಗೆ ಹೊಸದಾಗಿ ಬಂದ ಹುಡುಗೀರಿಗೆ ಯಾವ ಆಸ್ಪತ್ರೆ, ಯಾವ ವಾರ, ಎಷ್ಟು ಫೋಟೋ ಅಂತ ಇವಳೇ ಹೇಳಿಕೊಡ್ತಾಳೆ. ಈ ಫೋನಲ್ಲಿ ಕನ್ನಡ ಒತ್ತೋದು ನಂಗೆ ಕಲಿಸಿದ್ದೂ ಅವಳೇ. ನಮ್ಮ ಸ್ಟಾಪಿನ ಕವರೆಲ್ಲ ಈಗ ಬಾಯಿಗೆ ಪಿನ್ ಹೊಡೆದೇ ಬರತ್ತೆ. ಅದು ಕಂಡಕ್ಟ್ರು ತಂದ ಕಾನೂನು. ನಾನು ಬೆಂಚಲ್ಲಿ ಕೂರ್ತೀನಿ, ಹಿಸುಕಲ್ಲ. ಕೈ ತುರಿಸತ್ತೆ, ಆದ್ರೂ ಹಿಸುಕಲ್ಲ.

ಪ್ರೈವೇಟ್ ಬಸ್ಸಲ್ಲಿ ರಿಟೈರ್ಮೆಂಟ್ ಅಂತೆಲ್ಲ ಇಲ್ಲ. ಮಂಡಿ ಕೈಕೊಟ್ಟ ದಿನವೇ ರಿಟೈರ್ಮೆಂಟ್. ಹೋದ ವರ್ಷ ಅವರು ಬಸ್ಸು ಬಿಟ್ರು. ಮೊನ್ನೆ ನಮ್ಮನೆಗೆ ಊಟಕ್ಕೆ ಕರೆದಿದ್ದೆ. ಕೋಲು ಊರಿಕೊಂಡು ಬಂದ್ರು. ಎರಡು ಸಲ ಪಾಯಸ ಬಡಿಸಿ, ಮೂರನೇ ಸೌಟು ತಟ್ಟೆ ಮೇಲೆ ಹಿಡಿದು ಮೆಲ್ಲಗೆ ಕೇಳ್ದೆ:

"ಈಗಂತೂ ಎಲ್ಲಾ ಸರಿ ಹೋಯ್ತಲ್ಲ ಮಾರಾಯ್ರೇ, ನಿಮಗೂ ರಿಟೈರ್ ಆಯ್ತು. ಅವತ್ತು ಬಸ್ಸಲ್ಲಿ ನನ್ನ ಮೊಮ್ಮಗಳು ನಿಮ್ಮ ಹತ್ರ ಎಂತ ಹೇಳಿದ್ಲು?"

ತಟ್ಟೆ ಮೇಲೆ ಕೈ ಅಡ್ಡ ಹಿಡಿದು ಅಂದ್ರು:

"ರಿಟೈರ್ ಆಗಿದ್ದು ಕಾಲು ಅಜ್ಜೀ. ಬಾಯಿಗೆ ಇನ್ನೂ ಸರ್ವಿಸ್ ಇದೆ."