ಯಶವಂತಪುರಕ್ಕೆ ಹೋದ ಮುದ್ದೆ

ಬೆಂಗಳೂರಿನ ಅಂಚಿನ ಸಿಂಗಾಪುರವೆಂಬ ಹಳ್ಳಿಯ ಕೃಷ್ಣಮ್ಮನಿಗೆ ತನ್ನ ಮುದ್ದೆಯ ಮೇಲಿದ್ದ ಜಂಬ ಊರಿಗೆಲ್ಲ ಗೊತ್ತು. ವಿಶ್ವವಿದ್ಯಾಲಯದವರು ಊರಂಚಿನಲ್ಲಿ ಮೊದಲ ಕ್ಯಾಂಪಸ್ ಕಟ್ಟಿದಾಗ ಕ್ಯಾಂಟೀನಿನ ಅಡುಗೆಮನೆ ಹೊಕ್ಕವಳು ಸೌಟು ಕೆಳಗಿಟ್ಟವಳಲ್ಲ. ಆಮೇಲೆ ಸಂಜಯನಗರದಲ್ಲೊಂದು, ಯಶವಂತಪುರದಲ್ಲೊಂದು ಕ್ಯಾಂಪಸ್ ಆದವು. ಈ ವರ್ಷ ಮೇಲಿನವರು ಮೂರಕ್ಕೂ ಒಂದೇ ಅಡುಗೆಮನೆ ಸಾಕೆಂದರು. ಹೊರಗಿನ ಕೇಟರಿಂಗ್‌ನವರು ನಮಗೇ ಕೊಡಿ ಎಂದು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಹೋದರೆ ಕೃಷ್ಣಮ್ಮನೂ ಅವಳ ಜೊತೆಯ ಹೆಂಗಸರೂ ಮನೆ ಸೇರಿದಂತೆಯೇ.

"ಎರಡು ದಿನ ಯಶವಂತಪುರಕ್ಕೆ ನೀವೇ ಊಟ ಕಳಿಸಿ, ನೋಡೋಣ," ಎಂದ ಕ್ಯಾಂಟೀನ್ ಮ್ಯಾನೇಜರ್ ನಿರಂಜನ್. "ಮುದ್ದೆ ಮಾತ್ರ ಬೇಡ ಕೃಷ್ಣಮ್ಮ. ಅನ್ನ ಸಾರು ಸಾಕು."

"ಮುದ್ದೆ ಇಲ್ದೆ ಅದೆಂಗ್ ಊಟ ಆಯ್ತದೆ ಸಾ? ನಾನ್ ಕಟ್ಟಿದ್ ಮುದ್ದೆ ಮೈಸೂರ್ ಮುಟ್ಟಿದ್ರೂ ಮೆತ್ತಗಿರ್ತದೆ."

ಮೊದಲ ದಿನ ಬಿಸಿಮುದ್ದೆಗಳನ್ನು ದೊಡ್ಡ ಡಬ್ಬದೊಳಗೆ ಒಂದರ ಮೇಲೊಂದು ಪೇರಿಸಿ, ಬಿಸಿ ಆರಬಾರದೆಂದು ಮುಚ್ಚಳ ಬಿಗಿದು, ತಾನೂ ವ್ಯಾನು ಹತ್ತಿದಳು. ವ್ಯಾನು ಬಿಇಎಲ್ ಸರ್ಕಲ್ಲಿನಲ್ಲಿ ಸಿಕ್ಕಿಕೊಂಡಿತು. ಒಳಗಿನ ಹಬೆಯೆಲ್ಲ ನೀರಾಗಿ ಇಳಿದು, ಯಶವಂತಪುರದಲ್ಲಿ ಮುಚ್ಚಳ ತೆಗೆದರೆ ಮುದ್ದೆಗಳೆಲ್ಲ ಅಂಟಿಕೊಂಡು ಒಂದೇ ಗುಡ್ಡೆ.

"ಆಂಟಿ, ಚಾಕು ಕೊಡಿ, ಕೇಕ್ ಕಟ್ ಮಾಡೋಣ," ಎಂದ ಸಾಲಿನ ಮುಂದಿದ್ದ ಸಂಗಮೇಶನೆಂಬ ವಿದ್ಯಾರ್ಥಿ. "ಯಾರ್ದು ಬರ್ತ್‌ಡೇ ಇವತ್ತು?" ಸಾಲಿಗೆ ಸಾಲೇ ನಕ್ಕಿತು.

ವಾಪಸು ಬರುವಾಗ ಜೊತೆಯ ರಾಣಿ, "ನಾಳೆ ಅನ್ನ ಮಾಡ್ಬಿಡಾಣ ಅಕ್ಕ. ಕೆಲ್ಸನಾರ ಉಳೀಲಿ," ಎಂದಳು. ಕೃಷ್ಣಮ್ಮ ಡಬ್ಬದ ಮುಚ್ಚಳ ತೆಗೆದು, ತಳಕ್ಕೆ ಅಂಟಿದ್ದ ಮುದ್ದೆಯನ್ನು ಬೆರಳಲ್ಲಿ ಕೆರೆದು ನೋಡಿದಳು.

"ತಪ್ಪು ನಂದೇ ಕಣೆ. ಮುದ್ದೆ ಅಷ್ಟು ದೂರ ಓಗಾಕಿಲ್ಲ. ನಾವೇ ಓಗಾಣ."

ಮರುದಿನ ವ್ಯಾನಿಗೆ ಸೊಪ್ಪಿನ ಸಾರಿನ ಕ್ಯಾನುಗಳ ಜೊತೆ ರಾಗಿಹಿಟ್ಟು, ದೊಡ್ಡ ಪಾತ್ರೆ, ಮುದ್ದೆ ಕೋಲು, ಮರದ ಹಲಗೆ, ನಾಲ್ಕು ಜನ ಹೆಂಗಸರು ಹತ್ತಿದರು. ಯಶವಂತಪುರದ ಕ್ಯಾಂಪಸ್ಸಿನಲ್ಲಿ ಒಲೆಯೆಂದರೆ ಟೀ ಮಾರುವ ಮುಕ್ತಾರನದೊಂದೇ.

"ಒಸಿ ಒಲೆ ಬಿಡು ಮುಕ್ತಾರಣ್ಣ."

"ಟೀ ಟೈಮಲ್ಲಿ ಬಂದು ಒಲೆ ಕೇಳ್ತೀರಲ್ಲಮ್ಮ," ಎಂದು ಗೊಣಗುತ್ತಲೇ ಅವನು ಟೀ ಪಾತ್ರೆ ಇಳಿಸಿದ. "ಮೊದಲ್ನೇ ಮುದ್ದೆ ನಂಗೆ, ಈಗ್ಲೇ ಹೇಳ್ಬಿಟ್ಟಿದೀನಿ."

ನೀರು ಮರಳಿತು, ಹಿಟ್ಟು ಬೆಂದಿತು. ಇಬ್ಬರು ಪಾತ್ರೆ ಅದುಮಿ ಹಿಡಿದರು. ಕೃಷ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈಯಲ್ಲಿ ಕೋಲು ತಿರುವಿದಳು. ರಾಗಿಯ ಘಮ ತರಗತಿಗಳ ಕಿಟಕಿ ಮುಟ್ಟಿತು. ರಾಣಿ ತಣ್ಣೀರಿನಲ್ಲಿ ಕೈ ಅದ್ದಿ ಅದ್ದಿ ಕಟ್ಟಿದ ಹಾಗೆಲ್ಲ ಮುದ್ದೆಗಳು ಹಬೆಯಾಡುತ್ತ ಸೀದಾ ತಟ್ಟೆಗೆ ಬಿದ್ದವು. ಲೈಬ್ರರಿಯವರೂ ಸಾಲಿಗೆ ಬಂದರು.

"ಆಂಟಿ, ಇನ್ನೊಂದು," ಎಂದು ಸಂಗಮೇಶ ತಟ್ಟೆ ಚಾಚಿದ.

"ಚಾಕು ತಂದಿದ್ಯೇನಪ್ಪ?" ಎಂದಳು ಕೃಷ್ಣಮ್ಮ.

ಅವನ ಜೊತೆಯವರು ಅವನ ಬೆನ್ನಿಗೆ ಗುದ್ದಿ ನಕ್ಕರು. ಅವನ ತಟ್ಟೆಗೆ ಎರಡು ಮುದ್ದೆ ಬಿದ್ದವು.

ಪಾತ್ರೆಯ ತಳ ಕಾಣುವ ಹೊತ್ತಿಗೆ, ನೋಡಲು ಬಂದಿದ್ದ ನಿರಂಜನ್ ಉಳಿದ ಚೂರನ್ನು ಸಾರಿನಲ್ಲಿ ಅದ್ದಿ ನುಂಗುತ್ತಿದ್ದ. "ಸೋಮವಾರದಿಂದ ಮೂರೂ ಕ್ಯಾಂಪಸ್ ನಿಮ್ದೇ ಕೃಷ್ಣಮ್ಮ. ಮೇಲಿನವ್ರಿಗೆ ಫೋನ್ ಮಾಡಿ ಒಪ್ಪಿಸಿದೀನಿ."

"ಅಂಗಾದ್ರೆ ಇಲ್ಲಿಗೂ ಸಂಜಯನಗರಕ್ಕೂ ಮುದ್ದೆಗೇ ಅಂತ ಒಂದೊಂದ್ ಒಲೆ ಆಕ್ಸಿ ಸಾ. ಜನಾನೂ ಬೇಕು. ನಮ್ಮೂರಲ್ಲೇ ಅವ್ರೆ."

ನಿರಂಜನ್‌ನ ಬಾಯಿ ತುಂಬ ಮುದ್ದೆ. ಹೂಂ ಎಂದು ತಲೆಯಾಡಿಸಿದ. ರಾಣಿ ಆಗಲೇ ಒದ್ದೆಗೈಯಲ್ಲೇ ಊರಿಗೆ ಫೋನು ಹಚ್ಚಿ, ಯಾರ್ಯಾರು ಕೆಲಸಕ್ಕೆ ಬರುತ್ತೀರಿ ಎಂದು ಕೇಳುತ್ತಿದ್ದಳು.