ಅವ್ವನ ರೊಟ್ಟಿಯ ಕರಿ ಬೊಟ್ಟು

ನನ್ನ ಗ್ಯಾರೇಜಿನ ಹಿಂದೆ ಒಂದು ಖಾನಾವಳಿ ಇದೆ. ಹೊತ್ತು ಇಳಿಯುತ್ತಿದ್ದಂತೆ ಅಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಆರನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಬೈಲಹೊಂಗಲದಲ್ಲಿ ಟ್ರ್ಯಾಕ್ಟರಿನ ಟ್ರಾಲಿ ಕಟ್ಟಿಸುವವರು ಇಂದು ನನ್ನ ಹೆಸರು ಕೇಳಿಕೊಂಡು ಬರುತ್ತಾರೆ. ಆ ಹೆಸರನ್ನು ಯಾರ ಹಂಗೂ ಇಲ್ಲದೆ ಈ ಕೈಗಳಿಂದಲೇ ಗಳಿಸಿದ್ದೇನೆ. ಆದರೂ ಆ ಸಪ್ಪಳ ಕಿವಿಗೆ ಬಿದ್ದರೆ ವೆಲ್ಡಿಂಗ್ ನಿಲ್ಲಿಸಿ ಸುಮ್ಮನೆ ಕೂಡುತ್ತೇನೆ. ಜೋಳದ ಹಿಟ್ಟು ಬೆಂದ ವಾಸನೆ ಗೋಡೆ ದಾಟಿ ಬರುತ್ತದೆ. ಅದರ ಬೆನ್ನಿಗೇ ಸಂಗೊಳ್ಳಿಯ ನಮ್ಮ ಅಡುಗೆಮನೆ, ಹೊಗೆ ಹಿಡಿದ ಜಂತಿ, ಒಲೆಯ ಮುಂದೆ ಕುಂತ ಅವ್ವ. ನಿಮ್ಮ ಮನೆಯಲ್ಲೂ ಇಂಥದೊಂದು ಸಪ್ಪಳ ಇದ್ದಿರಬೇಕು.

ಅವ್ವ ರೊಟ್ಟಿ ಬಡಿದರೆ ಬಳೆ, ಅಂಗೈ ಕೂಡಿ ತಾಳ ಹಾಕಿದಂತೆ ಓಣಿಗೆಲ್ಲ ಕೇಳುತ್ತಿತ್ತು. ಸಂಜೆಯ ಬಸ್ಸು ಬರುವ ಹೊತ್ತಿಗೆ ಮಾತ್ರ ಆ ತಾಳ ತಪ್ಪುತ್ತಿತ್ತು. ಅಪ್ಪ ಬೈಲಹೊಂಗಲದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ, ಕುಡಿಯುತ್ತಿದ್ದ. ಓಣಿಯಲ್ಲಿ ಅವನ ಚಪ್ಪಲಿ ನೆಟ್ಟಗೆ ಬರುತ್ತದೋ ಎಳೆದುಕೊಂಡು ಬರುತ್ತದೋ ಎಂದು ಅವ್ವ ಕೈ ನಿಲ್ಲಿಸಿ ಆಲಿಸುವಳು. ಎಳೆದುಕೊಂಡು ಬಂದ ದಿನ ಬೈಗುಳ, ತಾಟು ಬೀಸಿ ಒಗೆಯುವುದು. ಅಂಥ ದಿನ ನಾನೂ ತಂಗಿಯೂ ಮಗ್ಗಲ ಮನೆಯ ನೀಲಕ್ಕನ ಕಡೆ. ಉಣ್ಣುವಾಗಲೂ ತಲೆ ಬಾಚುವಾಗಲೂ ಅವ್ವನ ಒಂದು ಕಿವಿ ಓಣಿಯಲ್ಲೇ ಇರುತ್ತಿತ್ತು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅವಳು ಹಾಗೆ ಆಲಿಸುತ್ತ ಕುಂತಾಗ ಹಂಚಿನ ಮೇಲಿನ ರೊಟ್ಟಿ ಸೀದು ನಡುವೆ ಕರಿ ಕಲೆ ಬೀಳುವುದು. ಎಲ್ಲರ ಮನೆಯ ರೊಟ್ಟಿಯೂ ಹಾಗೇ ಎಂದುಕೊಂಡಿದ್ದೆ.

"ಏನ ಗೌರಿ, ರೊಟ್ಟಿಗೂ ದೃಷ್ಟಿಬೊಟ್ಟ ಇಡತೀಯಲ್ಲ. ಅಷ್ಟ ಚಂದ ಅದಾವೇನ?" ಎಂದು ನೀಲಕ್ಕ ಕಾಡುವಳು.

"ನನ್ನ ಮಕ್ಕಳಕಿಂತ ಚಂದ ಅದಾವ," ಎನ್ನುವಳು ಅವ್ವ.

ಒಂದು ಬೇಸಿಗೆ ಅಪ್ಪ ತಾನಾಗಿಯೇ ರಾಮದುರ್ಗದ ಕಡೆ ಕುಡಿತ ಬಿಡಿಸುವ ಶಿಬಿರಕ್ಕೆ ಹೋಗಿ ಕುಂತ. ತಿರುಗಿ ಬಂದವನು ಮತ್ತೆ ಮುಟ್ಟಲಿಲ್ಲ. ಓಣಿಯವರೆಲ್ಲ ಅವ್ವನಿಗೆ ನೀನು ಗೆದ್ದೆ ಎಂದರು. ಅವ್ವನ ಕೈ ಮಾತ್ರ ಸಂಜೆಯ ಬಸ್ಸಿಗೆ ನಿಲ್ಲುವುದನ್ನು ಬಿಡಲಿಲ್ಲ. ರೊಟ್ಟಿಯ ಕಲೆಯೂ ಹೋಗಲಿಲ್ಲ. ಅಪ್ಪ ಅದನ್ನು ನೋಡಿ ನೋಡಿ, ಒಂದು ದಿನ ಓಣಿಯ ತಿರುವಿನಿಂದಲೇ ಕೂಗತೊಡಗಿದ: "ಗೌರೀ, ಬಂದೇನಿ. ನೆಟ್ಟಗ ಬರಾಕತ್ತೇನಿ." ಮಳೆಯಿರಲಿ, ಚೀಲ ಹೊತ್ತು ಹೆಗಲು ಬಾತಿರಲಿ, ದಿನಾ ಅದೇ ಕೂಗು. "ನಿನ್ನ ಬಸ್ಸ ಹಾರ್ನ ಹೊಡೀತ ನೋಡ," ಎಂದು ನೀಲಕ್ಕ ನಗುವಳು. ಅವ್ವ ನಾಚಿ ಒಲೆಯ ಕಡೆ ಮುಖ ತಿರುಗಿಸುವಳು. ಆದರೆ ಕೂಗಿಗೂ ಮೊದಲೇ ಅವಳ ಕೈ ನಿಂತಿರುತ್ತಿತ್ತು.

ಪಂಚಮಿ ಕಳೆದ ಮೇಲೆ ಒಂದು ಸಂಜೆ, ತನ್ನ ಅಳಿಯ ಜೋಕಾಲಿಯಿಂದ ತಿಪ್ಪೆಗೆ ಬಿದ್ದದ್ದನ್ನು ನೀಲಕ್ಕ ಕೈಕಾಲು ಆಡಿಸಿ ತೋರಿಸುತ್ತಿದ್ದಳು. ಅವ್ವ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತ ರೊಟ್ಟಿ ಬಡಿಯುತ್ತಿದ್ದಳು. ಅಪ್ಪನ ಕೂಗು ನನಗೆ ಕೇಳಿಸಿತು. ಅವ್ವನ ಕೈ ನಿಲ್ಲಲಿಲ್ಲ. ಅಪ್ಪ ಕಾಲು ತೊಳೆದು ಬಂದು ಬಾಗಿಲಲ್ಲಿ ನಿಂತ. ಆಗಲೂ ನಿಲ್ಲಲಿಲ್ಲ. ನಾನು ಬಾಯಿ ತೆರೆದರೆ ಅಪ್ಪ ತುಟಿಯ ಮೇಲೆ ಬೆರಳಿಟ್ಟ. ರೊಟ್ಟಿಯನ್ನು ಬುಟ್ಟಿಗೆ ಹಾಕಲು ತಿರುಗಿದ ಅವ್ವ ಬೆಚ್ಚಿದಳು.

"ಅಯ್ಯ, ನೀವ ಯಾವಾಗ ಬಂದ್ರಿ?"

"ಭಾಳೊತ್ತಾತು. ಕೂಗಿದೆ."

"ಕೇಳಸಲಿಲ್ರಿ."

ಅಪ್ಪ ಆ ರೊಟ್ಟಿ ಎತ್ತಿಕೊಂಡು ಎರಡೂ ಮಗ್ಗಲು ತಿರುಗಿಸಿ ನೋಡಿದ. ಎಲ್ಲೂ ಕಲೆ ಇರಲಿಲ್ಲ. "ದೃಷ್ಟಿ ಆಗತೈತಿ ಇದಕ್ಕ," ಎಂದು ನಿಂತಲ್ಲೇ ಮುರಿದು ತಿಂದ. ಮುಂದಿನ ಪಂಚಮಿಗೆ ಬಳೆಗಾರ ಅವ್ವನಿಗೆ ದೊಡ್ಡ ಅಳತೆಯ ಬಳೆ ಹುಡುಕಬೇಕಾಯಿತು.

ಈಗ ಅಪ್ಪ, ಅವ್ವ, ನೀಲಕ್ಕ ಯಾರೂ ಇಲ್ಲ. ಆ ಒಲೆಯ ಜಾಗದಲ್ಲಿ ಇನ್ನೊಬ್ಬರ ಮೋಟರ್‌ಸೈಕಲ್ ನಿಲ್ಲುತ್ತದೆ. ಮೊನ್ನೆ ಗ್ಯಾರೇಜು ಮುಚ್ಚಿ ಮನೆಗೆ ಹೋದಾಗ ಹೆಂಡತಿ ಫೋನಿನಲ್ಲಿ ಮಗಳೊಂದಿಗೆ ಜೋರಾಗಿ ನಗುತ್ತಿದ್ದಳು. ಬಾಗಿಲಲ್ಲಿ ಸುಮ್ಮನೆ ನಿಂತುಕೊಂಡೆ. ಬಹಳ ಹೊತ್ತಿನ ಮೇಲೆ ಅವಳು ತಿರುಗಿ, "ಯಾವಾಗ ಬಂದ್ರಿ?" ಎಂದಳು.

ಈಗ ಬಂದೆ ಎಂದು ಹೇಳಿ, ಕೈಕಾಲು ತೊಳೆದು ಊಟಕ್ಕೆ ಕುಂತೆ.